ರಾಸಿನ್ನೂ ರೈಫಲ್ಲೂ

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯೋದು ನನ್ನ ಕೈಲಿ ಆಗೋದಿಲ್ಲ. ನಮ್ಮ ಮನೆಯಲ್ಲಿ ಇದು ಗುಟ್ಟೇನೂ ಅಲ್ಲ. ನಾನು ಮುಖ ಕೆಂಪಗೆ ಮಾಡಿಕೊಂಡು ಐದು ನಿಮಿಷ ಗುದ್ದಾಡುತ್ತೇನೆ, ಆಮೇಲೆ ನನ್ನ ಹೆಂಡತಿ ಬಂದು ಚಮಚದ ಹಿಡಿಯಿಂದ ಒಂದು ಸಲ ಮೀಟಿ, ಟಪ್ ಅಂತ ತೆಗೆದು, ಏನೂ ಮಾತಾಡದೆ ಹೋಗುತ್ತಾಳೆ. ಆ ಮಾತಾಡದೆ ಹೋಗುವುದಿದೆಯಲ್ಲ, ಅದೇ ಜಾಸ್ತಿ ಉರಿಯೋದು.

ಇಂಥವನನ್ನು ಪಕ್ಕದ ಮನೆಯ ತಾತ ರೈಫಲ್ಲಿನ ಬ್ಯಾರೆಲ್ ಬಿಚ್ಚೋದಕ್ಕೆ ಕರೆದ.

ನಾವಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದ ಹೊರವಲಯದಲ್ಲಿ. ತಾತನಿಗೆ ಎಪ್ಪತ್ತೆಂಟು ವರ್ಷ. ಕಾರು ಬೀದಿಯಲ್ಲಿ ನಿಲ್ಲುತ್ತದೆ, ಗ್ಯಾರೇಜಿನಲ್ಲಿ ಸಾಮಾನು ಇರುತ್ತದೆ. ಗೋಡೆ ತುಂಬ ಸ್ಪ್ಯಾನರುಗಳು, ಗಾಜಿನ ಜಾಡಿಗಳಲ್ಲಿ ಅಳತೆಯ ಪ್ರಕಾರ ವಿಂಗಡಿಸಿದ ಸ್ಕ್ರೂಗಳು. ನಮ್ಮಮ್ಮ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಜೋಡಿಸಿಡುತ್ತಿದ್ದ ಹಾಗೇ. ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವನು ಅನ್ನೋದು ಅವನಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು. ಓದಿದ್ದು ಮೆಕ್ಯಾನಿಕಲ್, ಇಪ್ಪತ್ತು ವರ್ಷದಿಂದ ಅನ್ನ ಹಾಕುತ್ತಿರೋದು ಸಾಫ್ಟ್‌ವೇರ್ ಅನ್ನೋದನ್ನ ನಾನೂ ಬಿಡಿಸಿ ಹೇಳಲಿಲ್ಲ. ಎಂಜಿನಿಯರ್ ಅಂತ ಯಾರಾದರೂ ಗೌರವದಿಂದ ಕರೆದು ಎಷ್ಟು ಕಾಲವಾಗಿತ್ತು!

ರೈಫಲ್ ತಾತನ ಅಪ್ಪನದು. 1917ರ ಮಾಡೆಲ್ಲು. ಅದರ ಜಾತಕ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನವರಿಗೆ ಬಂದೂಕು ಸಾಲದೆ, ತಮ್ಮ ಎನ್‌ಫೀಲ್ಡ್‌ನಲ್ಲಿ ರೂಪಿಸಿದ್ದ ಮಾದರಿಯನ್ನು .303 ಗುಂಡಿಗೆ ಹೊಂದಿಸಿ ಇಲ್ಲಿಯ ಕಾರ್ಖಾನೆಗಳಲ್ಲಿ ಮಾಡಿಸಿದರು. 1917ರ ಏಪ್ರಿಲ್‌ನಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಇವರಿಗೂ ಬಂದೂಕು ಸಾಲದು. ಯಂತ್ರಗಳು ಹೇಗೂ ಓಡುತ್ತಿವೆ, ಗುಂಡಿನ ಅಳತೆ ಮಾತ್ರ ತಮ್ಮ .30-06ಕ್ಕೆ ಬದಲಾಯಿಸಿಕೊಂಡು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾಡಿ ಗುಡ್ಡೆ ಹಾಕಿದರು. ಫ್ರಾನ್ಸಿಗೆ ಹೋದ ಅಮೆರಿಕನ್ ಸಿಪಾಯಿಗಳಲ್ಲಿ ಹೆಚ್ಚಿನವರ ಕೈಲಿದ್ದದ್ದು ಇದೇ. ಮಾಡಿದ್ದು ಮೂರು ಕಡೆ: ನ್ಯೂ ಹೇವನ್‌ನ ವಿಂಚೆಸ್ಟರ್, ಇಲಿಯನ್‌ನ ರೆಮಿಂಗ್ಟನ್, ನಮ್ಮೂರಿಗೆ ಹತ್ತಿರದಲ್ಲೇ ಡೆಲವೇರ್ ನದಿಯ ದಂಡೆಯ ಎಡ್ಡಿಸ್ಟೋನ್. ತಾತನದು ಯಾವ ಕಡೆಯದು ಅಂತ ಮುದ್ರೆಯಲ್ಲಿದೆ. ನಾನು ಹೇಳೋದಿಲ್ಲ. ನೂರು ವರ್ಷದ ಹಿಂದೆ ಬಿಗಿ ಮಾಡಿ ಮನೆಗೆ ಹೋದವನ ಮೇಲೆ ಈಗ ದೂರು ಯಾಕೆ?

ಬಿಗಿ ಅಂದೆನಲ್ಲ, ಅದೇ ಸಮಸ್ಯೆ. ಬ್ಯಾರೆಲ್ಲಿನ ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಹೊಸ ಬ್ಯಾರೆಲ್ ತರಿಸಿಟ್ಟಿದ್ದ. ಇಲ್ಲಿಯ ಕಾನೂನಿಗೆ ನಂಬರ್ ಹೊತ್ತ ರಿಸೀವರ್, ಅಂದರೆ ಬ್ಯಾರೆಲ್ಲಿನ ಹಿಂದಿನ ಉಕ್ಕಿನ ಒಡಲು, ಮಾತ್ರವೇ ಬಂದೂಕು, ಬ್ಯಾರೆಲ್ ಅಂದರೆ ಬರಿಯ ಕೊಳವೆ. ನಮ್ಮ ಮನೆಗೆ ಇಡ್ಲಿ ಕುಕ್ಕರ್ ತಂದುಕೊಟ್ಟ ಹುಡುಗನೇ ಅದನ್ನೂ ತಂದುಕೊಟ್ಟು ಹೋಗಿದ್ದ. ಹಳೆಯದನ್ನು ರಿಸೀವರಿನಿಂದ ತಿರುಗಿಸಿ ತೆಗೆದು ಹೊಸದನ್ನು ಕೂರಿಸಬೇಕು. ಅಷ್ಟೇ. ನೀರಿನ ನಲ್ಲಿ ಬದಲಾಯಿಸಿದ ಹಾಗೆ. ಆದರೆ ಈ ಮಾಡೆಲ್ಲಿನ ಬ್ಯಾರೆಲ್ಲುಗಳು ಬಿಚ್ಚಲು ಬಾರದ ಬಿಗಿಗೇ ಹೆಸರುವಾಸಿ. ಜೋರು ಮಾಡಿದರೆ ರಿಸೀವರೇ ಬಿರುಕು ಬಿಟ್ಟದ್ದೂ ಉಂಟಂತೆ. ಇದನ್ನು ತಾತ ಹೇಳಿದ್ದು ಎರಡನೇ ವಾರ, ನಾನು ಒಪ್ಪಿಕೊಂಡಾದ ಮೇಲೆ.

ನನಗೂ ಒಂದು ಧೈರ್ಯವಿತ್ತು, ಸುಳ್ಳು ಹೇಳಬಾರದು. ಪಿಯುಸಿಯಲ್ಲಿ ನಾನು ಎನ್‌ಸಿಸಿ. ಬಂದೂಕು ಇಡುವ ಕೋಣೆ ಕೋತ್‌ನಿಂದ .303 ಹೊತ್ತು ತಂದು ಬಿಸಿಲಲ್ಲಿ ಕೂತು 'ಖೋಲ್ನಾ, ಜೋಡ್ನಾ', ಅಂದರೆ ಬಿಚ್ಚೋದು ಜೋಡಿಸೋದು, ಮಾಡಿದವನು. ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ನಳಿಗೆ ಒರೆಸಿದವನು. ಹವಾಲ್ದಾರರ ಖೋಲ್ನಾ, ಗುಂಡು ತುಂಬಲು ಹಿಂದೆಮುಂದೆ ಜಾರುವ ಬೋಲ್ಟ್ ತೆಗೆಯುವಲ್ಲಿಗೆ ಮುಗಿಯುತ್ತಿತ್ತು, ಅದರಿಂದಾಚೆ ಕೈ ಹಾಕಿದವನಿಗೆ ಮೈದಾನದ ಸುತ್ತ ಓಟ. ಆ ಓಟ ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ಮೊದಲನೇ ಶನಿವಾರ ಎಣ್ಣೆ ಕುಡಿಸುವ ಕಾರ್ಯಕ್ರಮ. ಗುಂಡಿಲ್ಲ ಅಂತ ತಾತ ಮೂರು ಸಲ ನೋಡಿದ, ನನ್ನ ಕೈಲೂ ನೋಡಿಸಿದ, ಬೋಲ್ಟ್ ತೆಗೆದಿಟ್ಟ, ಬಂದೂಕಿನ ಮರದ ಹಿಡಿ ಬಿಚ್ಚಿದ. ಇನ್ನು ಥ್ರೆಡ್ಡಿನೊಳಗೆ ಇಳಿಯುವಂಥ ತೆಳು ಎಣ್ಣೆ ಬೇಕು. ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಗೆ ಸಮಸಮ ಅಸಿಟೋನ್ ಬೆರೆಸಬೇಕು ಅನ್ನೋದು ಗ್ಯಾರೇಜ್ ಪಂಡಿತರ ಮನೆಮದ್ದು. ಎಣ್ಣೆ ಇತ್ತು, ಅಸಿಟೋನ್ ಇರಲಿಲ್ಲ. ನಾನು 'ಒಂದು ನಿಮಿಷ' ಅಂತ ಮನೆಗೆ ಓಡಿ ಹೆಂಡತಿಯ ಉಗುರುಬಣ್ಣ ಅಳಿಸುವ ಬಾಟಲಿ ಎತ್ತಿಕೊಂಡು ಬಂದೆ. ತಾತ ನನ್ನ ಬೆನ್ನು ತಟ್ಟಿದ. ರೈಫಲ್ ಒಂದು ವಾರ ಆ ಮಿಶ್ರಣದಲ್ಲಿ ನೆನೆಯಿತು. ಗ್ಯಾರೇಜೆಲ್ಲ ಸ್ಟ್ರಾಬೆರಿ ಐಸ್‌ಕ್ರೀಮ್ ಅಂಗಡಿಯ ಹಾಗೆ ಘಮಘಮ.

ಮುಂದಿನ ಶನಿವಾರ ಬೆಳಗ್ಗೆ ಹೆಂಡತಿ ಖಾಲಿ ಬಾಟಲಿ ಹಿಡಿದುಕೊಂಡು ಬಂದಳು.

"ರೀ, ಇದನ್ನೇನ್ರೀ ಮಾಡಿದ್ರಿ?"

"ಬಂದೂಕಿಗೆ ಹಾಕಿದೆ ಕಣೇ. ಅಸಿಟೋನ್ ಬೇಕಿತ್ತು."

ಅವಳು ಬಾಟಲಿ ತಿರುಗಿಸಿ ತೋರಿಸಿದಳು. ಗುಲಾಬಿ ಬಣ್ಣದ ದಪ್ಪಕ್ಷರದಲ್ಲಿ ಬರೆದಿತ್ತು: ಅಸಿಟೋನ್ ರಹಿತ.

ಈ ವಿಷಯ ತಾತನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಅವತ್ತೇ ಮುಖ್ಯ ಕಾರ್ಯಕ್ರಮ. ಬ್ಯಾರೆಲ್ಲನ್ನು ಎರಡು ಓಕ್ ಮರದ ತುಂಡುಗಳ ನಡುವೆ ಇಟ್ಟು ಮೇಜಿನ ಮೇಲಿನ ವೈಸಿನಲ್ಲಿ, ಅಂದರೆ ಕಬ್ಬಿಣದ ಇಕ್ಕಳದಲ್ಲಿ, ಕಚ್ಚಿಸಬೇಕು. ರಿಸೀವರಿಗೆ ಅದಕ್ಕೆಂದೇ ಮಾಡಿದ ದಪ್ಪ ರೆಂಚು. ಬ್ಯಾರೆಲ್ ಮಿಸುಕಬಾರದು, ರಿಸೀವರ್ ತಿರುಗಬೇಕು. ನಮ್ಮದರಲ್ಲಿ ರಿಸೀವರ್ ಮಿಸುಕಲಿಲ್ಲ, ಬ್ಯಾರೆಲ್ ಮರದ ನಡುವೆ ಗಾಣದ ಒನಕೆಯ ಹಾಗೆ ನುಣ್ಣಗೆ ತಿರುಗಿತು. ಎಣ್ಣೆ ಕುಡಿಸಿದ್ದು ನಾವೇ ತಾನೇ.

"ರಾಸಿನ್ ಪುಡಿ ಬೇಕು" ಅಂದ ತಾತ. "ಮರಕ್ಕೂ ಕಬ್ಬಿಣಕ್ಕೂ ನಡುವೆ ಉದುರಿಸಿದರೆ ಗಟ್ಟಿಯಾಗಿ ಹಿಡಿಯುತ್ತೆ. ಸೋಮವಾರ ತರಿಸೋಣ."

ರಾಸಿನ್! ಅಂದರೆ ಪೈನ್ ಮರದ ರಾಳ. ನನ್ನ ತಲೆಯಲ್ಲಿ ಬಲ್ಬ್ ಹೊತ್ತಿತು. ನಮ್ಮ ಪುಟ್ಟಿ ಕರ್ನಾಟಕ ಸಂಗೀತದ ವಯಲಿನ್ ಕಲಿಯುತ್ತಾಳೆ. ಬಿಲ್ಲಿನ ಕುದುರೆಕೂದಲಿಗೆ ಉಜ್ಜುವ ಜೇನುಬಣ್ಣದ ಬಿಲ್ಲೆ ಇದೇ ರಾಸಿನ್ನೇ. ಮತ್ತೆ 'ಒಂದು ನಿಮಿಷ'. ಮೆಲ್ಲಗೆ ಅವಳ ವಯಲಿನ್ ಪೆಟ್ಟಿಗೆ ತೆರೆದು, ಬಿಲ್ಲೆ ಎತ್ತಿಕೊಂಡು ಬಂದು, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಂದು ಏಟು. ಬೆಲ್ಲದಚ್ಚು ಪುಡಿಯಾದ ಹಾಗೆ ಪುಡಿಯಾಯಿತು. ತಾತ ಈ ಸಲ ಬೆನ್ನು ತಟ್ಟಲಿಲ್ಲ, ಅಪ್ಪಿಕೊಂಡ.

ಹಿಡಿತ ಸಿಕ್ಕಿತು. ಈಗ ಯಾವ ಕಡೆಗೆ ತಿರುಗಿಸೋದು?

"ಗಡಿಯಾರಕ್ಕೆ ವಿರುದ್ಧ" ಅಂತ ತಾತ ಹಿಂಬದಿಯಲ್ಲಿ ನಿಂತು ಹೇಳಿದ. ನಾನು ನಳಿಗೆಯ ಬಾಯಿಯ ಕಡೆ ನಿಂತಿದ್ದೆ. ಗಡಿಯಾರಕ್ಕೆ ವಿರುದ್ಧವಾಗಿಯೇ ಎಳೆದೆ. ಇಬ್ಬರೂ ಬೆವರಿ ತೊಪ್ಪೆಯಾದೆವು. ಅರ್ಧ ಗಂಟೆಯಾದ ಮೇಲೆ ಲೆಮನೇಡ್ ತಂದುಕೊಟ್ಟ ಅಜ್ಜಿ ನಮ್ಮಿಬ್ಬರನ್ನೂ ನೋಡಿ, "ಅವನ ಗಡಿಯಾರ ಈ ಕಡೆಯಿಂದ ನೋಡಿದರೆ ಸರಿಯಾಗಿಯೇ ಓಡುತ್ತಿದೆಯಲ್ಲ" ಅಂದಳು. ನೂರು ವರ್ಷದಿಂದ ಬಿಗಿಯಾಗಿದ್ದ ಬ್ಯಾರೆಲ್ಲನ್ನು ಅರ್ಧ ಗಂಟೆ ಇನ್ನಷ್ಟು ಬಿಗಿ ಮಾಡಿದ್ದೆವು. ಗಾಜಿನ ಬಾಗಿಲಿನ ಮೇಲೆ ಬರೆದದ್ದನ್ನು ಒಳಗಿನಿಂದ ಓದಿದರೆ ಉಲ್ಟಾ ಕಾಣುತ್ತದೆ ಅನ್ನೋದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಮೆಕ್ಯಾನಿಕಲ್ ಡಿಗ್ರಿ ಮಾತ್ರ ಮೈಸೂರಿನಲ್ಲೇ ಉಳಿದುಹೋಗಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ರಾತ್ರಿ.

"ಏನೋ ಅದು, ಬಂದೂಕು ಬಿಚ್ತಿದೀಯಂತೆ? ಪೊಲೀಸ್ನೋರಿಗೆ ಗೊತ್ತೇನೋ?" ಅಂದಳು ಅಮ್ಮ. ಅವಳ ಗಾಬರಿ ಸುಳ್ಳಲ್ಲ. ನಮ್ಮಲ್ಲಿ ಬಂದೂಕು ರಿಪೇರಿ ಅಂಗಡಿ ಇಡೋದಕ್ಕೂ 1959ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ವಿನಾಯಿತಿಯಲ್ಲಿ ಬಂದೂಕು ಇಟ್ಟುಕೊಂಡು ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜೆ ಮಾಡುವವರು ಕೊಡಗಿನವರು, ನಾವಲ್ಲ. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಇಡುತ್ತಿದ್ದದ್ದು ಈಳಿಗೆಮಣೆ ಮತ್ತು ಅಪ್ಪನ ಸ್ಕೂಟರು.

ಅಪ್ಪ ಫೋನ್ ಕಸಿದುಕೊಂಡರು. "ಕಾಯಿಸೋ! ನಮ್ಮ ಊರಲ್ಲಿ ಆಚಾರ್ರು ಗಾಡಿ ಚಕ್ರಕ್ಕೆ ಪಟ್ಟಿ ಹಾಕ್ತಿರಲಿಲ್ವಾ? ಬೆರಣಿ ಬೆಂಕೀಲಿ ಕೆಂಪಗೆ ಕಾಯಿಸಿದ್ರೆ ಪಟ್ಟಿ ಹಿಗ್ಗುತ್ತೆ, ಚಕ್ರದ ಮೇಲೆ ಕೂರಿಸಿ ನೀರು ಹುಯ್ದರೆ ಕಚ್ಕೊಳ್ಳುತ್ತೆ. ಅದನ್ನೇ ಉಲ್ಟಾ ಮಾಡು."

ಎಷ್ಟು ಚೆಂದದ ತರ್ಕ! ಇದನ್ನು ತಾತನಿಗೆ ಅನುವಾದಿಸಿ ಹೇಳಿದ ಕೂಡಲೇ ಅವನು ರಿಸೀವರನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದುಕೊಂಡ, ಮೊಮ್ಮಗುವನ್ನು ನಾಯಿಯಿಂದ ಕಾಪಾಡುವವನ ಹಾಗೆ. ರಿಸೀವರಿನ ಉಕ್ಕಿಗೆ ಕಾರ್ಖಾನೆಯಲ್ಲೇ ಹದ ಕೊಟ್ಟಿರುತ್ತಾರೆ. ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ, ಆಮೇಲೆ ಗುಂಡಿನ ಒತ್ತಡಕ್ಕೆ ಸಿಡಿದರೆ, ಸಿಡಿಯೋದು ಕಣ್ಣೆದುರೇ. ಗಾಡಿಚಕ್ರವಾದರೆ ಕಳಚಿ ಗದ್ದೆಗೆ ಉರುಳಬಹುದು ಅಷ್ಟೇ.

ಉಳಿದದ್ದು ಭೀಮಬಲ. ತಾತ ರೆಂಚಿನ ಹಿಡಿಗೆ ಆರಡಿಯ ಕಬ್ಬಿಣದ ಪೈಪ್ ತೂರಿಸಿದ. ನನ್ನ ತೂಕ 82 ಕೆಜಿ, ಅಂದರೆ 180 ಪೌಂಡು. ಆರಡಿಯ ತುದಿಗೆ ನಾನು ಜೋತುಬಿದ್ದರೆ ಸಾವಿರ ಅಡಿ-ಪೌಂಡಿಗೂ ಮೇಲೆ ತಿರುಗಿಸುವ ಬಲ. ಕಾರಿನ ಚಕ್ರದ ನಟ್ಟಿಗೆ ನೂರು ಸಾಕು. ಈ ಲೆಕ್ಕವನ್ನು ನಾನು ಬಾಯಿಲೆಕ್ಕದಲ್ಲೇ ಹೇಳಿದೆ, ತಾತ ತಲೆದೂಗಿದ. ಡಿಗ್ರಿ ಮೈಸೂರಿನಿಂದ ಕೊನೆಗೂ ವಿಮಾನ ಹತ್ತಿತ್ತು. ಆ ಬಲ ವೈಸಿಗೆ, ವೈಸಿನಿಂದ ಮೇಜಿಗೆ, ಮೇಜಿನಿಂದ ಗೋಡೆಗೆ ಹೋಗುತ್ತದೆ ಅನ್ನೋದನ್ನ ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಜೋತುಬಿದ್ದೆ. ಕಿರ್ರ್ ಅಂತ ಶಬ್ದ ಬಂತು.

"ಬಂತು! ಬಂತು!" ಅಂತ ತಾತ ಕುಣಿದ.

ಬಂದದ್ದು ಮೇಜು. ಗೋಡೆಗೆ ಬಿಗಿದಿದ್ದ ನಾಲ್ಕು ಬೋಲ್ಟುಗಳೂ ಕಿತ್ತುಕೊಂಡು, ಅವುಗಳ ಜೊತೆ ಅಂಗೈಯಗಲದ ಗೋಡೆಯ ಚಕ್ಕೆ, ಅದರ ಜೊತೆ ಸ್ಪ್ಯಾನರ್ ಹಲಗೆ, ಅದರ ಹಿಂದೆ ಒಂದೊಂದಾಗಿ ಹನ್ನೊಂದು ಗಾಜಿನ ಜಾಡಿಗಳು. ನಾನು ಪೈಪಿನ ಸಮೇತ ನೆಲದ ಮೇಲೆ ಕೂತಿದ್ದೆ. ಅಳತೆಯ ಪ್ರಕಾರ ವಿಂಗಡಿಸಿದ್ದ ಸ್ಕ್ರೂಗಳೆಲ್ಲ ಜಾತಿಭೇದ ಮರೆತು ನನ್ನ ಸುತ್ತ ಒಂದಾಗಿದ್ದವು. ಅಜ್ಜಿ ಬಾಗಿಲಲ್ಲಿ ಬಂದು ನಿಂತಳು. ಏನೂ ಮಾತಾಡದೆ ಒಳಗೆ ಹೋದಳು. ಹೆಂಗಸರಿಗೆ ಇದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ!

ಮರುದಿನ ಭಾನುವಾರ. ಬೆಳಗ್ಗೆ ಎಂಟಕ್ಕೆ ಪುಟ್ಟಿಯ ವಯಲಿನ್ ಪಾಠ, ಬೆಂಗಳೂರಿನಲ್ಲಿ ಅವಳ ಮೇಷ್ಟರಿಗೆ ಆಗ ಸಂಜೆ. ನಾನು ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಸೋಫಾದ ಮೇಲೆ ಮಲಗಿದ್ದೆ. ಆ ವಾರವೇ ಅವಳಿಗೆ ಹೊಸ ಬಿಲ್ಲು ಬಂದಿತ್ತು. ಹೊಸ ಕೂದಲಿಗೆ ರಾಸಿನ್ ಉಜ್ಜದಿದ್ದರೆ ಅದು ತಂತಿಯ ಮೇಲೆ ಜಾರುತ್ತದೆ, ಸದ್ದೇ ಬರುವುದಿಲ್ಲ. ಈ ಶಾಸ್ತ್ರ ನನಗೆ ಗೊತ್ತಾಗಿದ್ದು ಅವತ್ತು.

ಪುಟ್ಟಿ ಮಾಯಾಮಾಳವಗೌಳದ ಸರಳೆಗೆ ಬಿಲ್ಲು ಎಳೆದಳು. ನಿಶ್ಶಬ್ದ.

"ಮಗು, ನಿನ್ನ ಮೈಕ್ ಮ್ಯೂಟ್ ಆಗಿದೆ" ಅಂದರು ಮೇಷ್ಟರು.

"ಇಲ್ಲ ಸಾರ್, ಆನ್ ಇದೆ."

"ನೀನು ಮಾತಾಡೋದು ಕೇಳಿಸ್ತಿದೆ. ವಯಲಿನ್ ಮಾತ್ರ ಕೇಳಿಸ್ತಿಲ್ಲ. ಸೆಟ್ಟಿಂಗ್ಸ್ ನೋಡು."

ಅವರಿಬ್ಬರೂ ಇಪ್ಪತ್ತು ನಿಮಿಷ ಸೆಟ್ಟಿಂಗ್ಸ್ ನೋಡಿದರು. ಲ್ಯಾಪ್‌ಟಾಪ್ ಒಮ್ಮೆ ಆರಿಸಿ ಹಚ್ಚಿದ್ದಾಯಿತು. 'ಅಪ್ಪ ಸಾಫ್ಟ್‌ವೇರ್ ಅಲ್ವಾ, ಕರಿಯಮ್ಮಾ' ಅಂತ ಮೇಷ್ಟರು ಅಂದಾಗ ನಾನು ಗಾಢ ನಿದ್ದೆಯಲ್ಲಿದ್ದೆ. ಕೊನೆಗೆ ಪುಟ್ಟಿ ರಾಸಿನ್ ಹಚ್ಚೋಣ ಅಂತ ಪೆಟ್ಟಿಗೆಗೆ ಕೈ ಹಾಕಿದಳು. ಅಲ್ಲಿದ್ದದ್ದು ಖಾಲಿ ಡಬ್ಬಿ.

"ಅಮ್ಮಾ..."

ಹೆಂಡತಿ ಡಬ್ಬಿ ನೋಡಿದಳು. ಸೋಫಾ ನೋಡಿದಳು. ನನ್ನ ಪ್ಯಾಂಟಿನ ಮಂಡಿಯ ಮೇಲೆ ಇನ್ನೂ ಅಂಟಿದ್ದ ಜೇನುಬಣ್ಣದ ಪುಡಿ ನೋಡಿದಳು. ಈ ಸಲ ಮಾತಾಡಿದಳು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಬ್ಯಾರೆಲ್ ಬಿಚ್ಚಿದ್ದು ನಾವಲ್ಲ. ಮುಕ್ಕಾಲು ಗಂಟೆ ದಾರಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬ ಹುಡುಗ. ನಮ್ಮ ಕತೆಯನ್ನು ಅವನು ಅರ್ಧಕ್ಕೇ ನಿಲ್ಲಿಸಿದ. ಬ್ಯಾರೆಲ್ಲನ್ನು ಹೇಗೂ ಎಸೆಯೋದು ತಾನೇ ಅಂತ ಕೇಳಿ, ರಿಸೀವರಿಗೆ ಒತ್ತಿಕೊಂಡಿದ್ದ ಅದರ ಅಂಚಿನಲ್ಲಿ, ಒಂದು ಕೂದಲೆಳೆ ಈಚೆಗೆ, ಲೇತಿನಲ್ಲಿ ಸುತ್ತಲೂ ಸಣ್ಣ ತೋಡು ಕೊರೆದ. ಬಿಗಿಯೆಲ್ಲ ಇದ್ದದ್ದು ಆ ಅಂಚಿನ ಒತ್ತಡದಲ್ಲಿ. ತೋಡು ಬಿದ್ದ ಕೂಡಲೇ ಒತ್ತಡ ಸಡಿಲವಾಯಿತು. ರೆಂಚು ಹಾಕಿ ಒಂದು ಸಲ ಎಳೆದ, ಟಪ್ ಅಂದಿತು. ಉಳಿದದ್ದನ್ನು ಕೈಯಲ್ಲೇ ತಿರುಗಿಸಿ ತೆಗೆದ. ಚಮಚದ ಹಿಡಿಯಲ್ಲಿ ಮೀಟಿ ಗಾಳಿ ಬಿಟ್ಟ ಉಪ್ಪಿನಕಾಯಿ ಬಾಟಲಿ! ಹೊಸ ಬ್ಯಾರೆಲ್ ಕೂರಿಸಿ, ಗೇಜು ಹಾಕಿ ಹೆಡ್‌ಸ್ಪೇಸ್, ಅಂದರೆ ಬೋಲ್ಟಿನ ಮುಂದೆ ಗುಂಡು ಕೂರುವ ಅಂತರ, ನೋಡುವ ಕೆಲಸವನ್ನೂ ತಾತ ಅವನಿಗೇ ವಹಿಸಿದ. ನಾನು ಸಹಾಯ ಮಾಡಲೇ ಅಂತ ಯಾರೂ ಕೇಳಲಿಲ್ಲ.

ತಾತ ಪುಟ್ಟಿಗೆ ಎರಡು ಹೊಸ ರಾಸಿನ್ ಬಿಲ್ಲೆ ತಂದುಕೊಟ್ಟ. ನನಗೆ ನೆನಪಿನ ಕಾಣಿಕೆಯಾಗಿ ಹಳೆಯ ಬ್ಯಾರೆಲ್ಲನ್ನು ಕೆಂಪು ರಿಬ್ಬನ್ ಕಟ್ಟಿ ಕೊಟ್ಟ. ಇಪ್ಪತ್ತಾರು ಇಂಚು. ಅದನ್ನು ಎಲ್ಲಿಡಬೇಕು ಅಂತ ತಿಳಿಯದೆ ಮೂರು ದಿನ ಮನೆಯೆಲ್ಲ ಸುತ್ತಿಸಿದೆ. ನಾಲ್ಕನೇ ದಿನ ಹೆಂಡತಿಯೇ ಜಾಗ ಹುಡುಕಿದಳು. ಚಳಿಗಾಲಕ್ಕೆ ಒಳಗೆ ತಂದಿಟ್ಟಿದ್ದ ಕರಿಬೇವಿನ ಗಿಡ ಕುಂಡದಲ್ಲಿ ಒಂದು ಕಡೆಗೆ ವಾಲಿತ್ತು.

ಮುಂದಿನ ವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಗಿಡ ನೋಡಿ, ಕನ್ನಡಕ ಸರಿಮಾಡಿಕೊಂಡು ಕೇಳಿದಳು: "ಇದೇನೋ, ಇಷ್ಟು ದಪ್ಪದ ಕಬ್ಬಿಣದ ಕೋಲು ಕೊಟ್ಟಿದ್ದೀಯ ಅದಕ್ಕೆ? ಆ ದೇಶದಲ್ಲಿ ಬಿದಿರುಕಡ್ಡಿ ಸಿಗಲ್ವೇನೋ?"