ದೆವ್ವವೋ, ದೆವ್ವಗಳೋ?

ಪ್ಯಾಕ್‌ಮ್ಯಾನ್ ಆಟದಲ್ಲಿ ದೆವ್ವ ಎಷ್ಟು? ನಾಲ್ಕು. ಬ್ಲಿಂಕಿ, ಪಿಂಕಿ, ಇಂಕಿ, ಕ್ಲೈಡ್. 1980ರ ವಿಡಿಯೋ ಗೇಮ್. ಇಲ್ಲಿಯವರೆಗೆ ಜಗಳ ಇಲ್ಲ. ಜಗಳ ಇರುವುದು, ಅವುಗಳ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಲೇಖನದ ತಲೆಬರಹ ‘ದೆವ್ವ’ ಅಂತಿರಬೇಕೋ ‘ದೆವ್ವಗಳು’ ಅಂತಿರಬೇಕೋ ಎಂಬುದರಲ್ಲಿ. ಹೋದ ಭಾನುವಾರ ಜಯನಗರದ ಗೆಳೆಯರ ಮನೆಯಲ್ಲಿ ಇದಕ್ಕೇ ಮೂರು ಗಂಟೆ ಹೋಯಿತು. ಆರು ಜನ, ಐದು ಲ್ಯಾಪ್‌ಟಾಪ್. ಬರೆದದ್ದು ಎಷ್ಟು ಸಾಲು? ಹೇಳ್ತೀನಿ, ತಾಳಿ.

ಐಟಿ ಹುಡುಗ ಇಂಗ್ಲಿಷ್ ವಿಕಿಪೀಡಿಯದ ನಿಯಮ ತೆಗೆದು ತೋರಿಸಿದ. “ತಲೆಬರಹ ಸಾಮಾನ್ಯವಾಗಿ ಏಕವಚನದಲ್ಲೇ ಇರಬೇಕು ಸಾರ್.”

“ಅದು ಹೇಗಪ್ಪ? ಅಲ್ಲಿರೋದು ನಾಲ್ಕು ದೆವ್ವ ಅಲ್ವಾ?” ಅಂದರು ನಿವೃತ್ತ ಕನ್ನಡ ಮೇಷ್ಟ್ರು. ‘ನಾಲ್ಕು ದೆವ್ವಗಳು’ ಅನ್ನಲಿಲ್ಲ. ಯಾರೂ ಗಮನಿಸಲಿಲ್ಲ, ನಾನೂ ಸುಮ್ನಿದ್ದೆ.

ನಮ್ಮ ಭಾಷೆಯೇ ಹಾಗೆ. ಹತ್ತು ರೂಪಾಯಿ, ಮೂರು ಮರ, ಎರಡು ಇಡ್ಲಿ. ಲೆಕ್ಕ ಹೇಳಿದ ಮೇಲೆ ‘ಗಳು’ ಯಾಕೆ ಬೇಕು? ಅದನ್ನು ನಾವು ಜಾಸ್ತಿ ಖರ್ಚು ಮಾಡುವುದು ಮರ್ಯಾದೆಗೆ. ಸ್ವಾಮಿಗಳು, ಗುರುಗಳು, ಜಿಲ್ಲಾಧಿಕಾರಿಗಳು. ಒಬ್ಬರೇ ಬಂದರೂ ಗಳು. ಆ ಪ್ರಕಾರ ‘ದೆವ್ವಗಳು’ ಅಂದರೆ ಹಾರ, ಶಾಲು ಸಿದ್ಧವಾಗಿರಬೇಕು.

ಆಮೇಲೆ ಆಟಗಳ ಹೆಸರಿಗೆ ಬಂದೆವು. ಸ್ಪೇಸ್ ಇನ್ವೇಡರ್ಸ್ 1978, ಲೆಮ್ಮಿಂಗ್ಸ್ 1991, ಆಂಗ್ರಿ ಬರ್ಡ್ಸ್ 2009. ಮಾಡಿದವರೇ ಇಟ್ಟ ಹೆಸರು, ಯಾವ ನಿಯಮವೂ ಅದರ ಬಾಲ ಕತ್ತರಿಸುವುದಿಲ್ಲ. ಆದರೆ ಬಾಲಕ್ಕೆ ಬಾಲ ಕಟ್ಟುವವರನ್ನು ಏನು ಮಾಡುವುದು? “ಕನ್ನಡದಲ್ಲಿ ಆಂಗ್ರಿ ಬರ್ಡ್ಸ್‌ಗಳು ಅಂತ ಆಗಬೇಕು” ಅಂದರು ಒಬ್ಬರು. ಪೇರೆಂಟ್ಸ್‌ಗಳು, ಫ್ಯಾನ್ಸ್‌ಗಳು ಓಡಾಡುವ ಊರಲ್ಲಿ ಪಾಪ, ಅವರದ್ದೇನು ತಪ್ಪು. ಹುಡುಗ ಕೋಪದಿಂದ ‘ಆಂಗ್ರಿ ಬರ್ಡ್’ ಸಾಕು ಅಂದ. ಒಂದೇ ಹಕ್ಕಿಗೆ ಸಿಟ್ಟು ಬಂದರೆ ಅದು ಆಟ ಅಲ್ಲ, ಸಂಸಾರ. ಇನ್ನು ಪೋಕೆಮಾನ್, ಜಪಾನಿನ ಆಟ, ಅದರೊಳಗಿನ ಪ್ರಾಣಿಗೂ ಅದೇ ಹೆಸರು. ಇಂಗ್ಲಿಷಿನಲ್ಲೂ ಒಂದಕ್ಕೂ ಪೋಕೆಮಾನ್, ನೂರಕ್ಕೂ ಪೋಕೆಮಾನ್. ಜಪಾನಿನವರು ನಮ್ಮ ಇಡ್ಲಿ ಲೆಕ್ಕದವರು.

ಹಸಿವಾಯಿತು. ನಾಲ್ಕನೇ ಬ್ಲಾಕಿನ ದರ್ಶಿನಿಗೆ ಹೋದೆವು. ಕೌಂಟರಿನಲ್ಲಿ ಮೇಷ್ಟ್ರೇ ಹೇಳಿದರು: “ಹನ್ನೆರಡು ಇಡ್ಲಿ, ಮೂರು ಬೈ ಟೂ ಕಾಫಿ.” ಕಾಫಿ ಮೂರು, ಲೋಟ ಆರು. ಇದು ಯಾವ ವಚನ ಅಂತ ಕೇಳೋಣ ಅನ್ನಿಸಿತು. ಕಾಫಿ ಆರುತ್ತೆ ಅಂತ ಬಿಟ್ಟೆ.

ರಾತ್ರಿ ಮನೆಗೆ ಬಂದು ವಿಕಿ ನೋಡಿದೆ. ಹುಡುಗ ‘ದೆವ್ವ (ಪ್ಯಾಕ್‌ಮ್ಯಾನ್)’ ಅಂತ ಒಂದು ಪುಟ ಮಾಡಿದ್ದ. ಮೇಷ್ಟ್ರು ‘ದೆವ್ವಗಳು (ಪ್ಯಾಕ್‌ಮ್ಯಾನ್)’ ಅಂತ ಇನ್ನೊಂದು. ಎರಡರಲ್ಲೂ ಒಂದು ಸಾಲೂ ಇಲ್ಲ, ಇನ್ನೊಂದು ಪುಟಕ್ಕೆ ಹೋಗಿ ಅನ್ನುವ ಕೊಂಡಿ ಮಾತ್ರ. ಇದನ್ನು ಒತ್ತಿದರೆ ಅದು, ಅದನ್ನು ಒತ್ತಿದರೆ ಇದು. ಆ ಆಟದಲ್ಲೂ ಹಾಗೇ ತಾನೆ, ಎಡಗಡೆ ಸುರಂಗಕ್ಕೆ ನುಗ್ಗಿದರೆ ಬಲಗಡೆಯಿಂದ ಹೊರಗೆ ಬರುತ್ತೀರಿ.