ಪೋಸ್ಟರಿನಲ್ಲಿ ಏರು ಇಲ್ಲ

ಮ್ಯಾರಥಾನ್ ಪೋಸ್ಟರಿನಲ್ಲಿ ಓಡುವ ಹೊತ್ತು ಸಣ್ಣಕ್ಷರದಲ್ಲಿ, ‘ಸಮತಟ್ಟು ದಾರಿ’ ಮಾತ್ರ ದಪ್ಪಕ್ಷರದಲ್ಲಿ. ಅದೂ ಮಂಗಳೂರಿನಲ್ಲಿ! ಬರೆದವರು ಊರನ್ನು ಕಾರಿನಲ್ಲಿ ಸುತ್ತಿದವರೇ ಇರಬೇಕು. ಏಸಿ ಕಾರಿಗೆ ಬಾವುಟಗುಡ್ಡವೂ ಬಯಲೇ.

ಕೇಳಿದರೆ ಲೆಕ್ಕ ತೋರಿಸುತ್ತಾರೆ: ಹೊರಟಲ್ಲಿಗೇ ಬಂದು ಮುಟ್ಟುವ ಓಟ, ಎತ್ತರದ ವ್ಯತ್ಯಾಸ ಸೊನ್ನೆ. ಹಾಗಾದರೆ ಆಗುಂಬೆ ಘಾಟಿ ಹತ್ತಿ ಇಳಿದರೂ ಸೊನ್ನೆಯೇ. ನೂರು ಮೀಟರಿಗೆ ಒಂದು ಮೀಟರ್ ಏರಿದ್ದರೆ ಕಿಲೋಮೀಟರಿಗೆ 8-9 ಸೆಕೆಂಡು ಹೋಗುತ್ತದೆ, ಅಷ್ಟೇ ಇಳಿಜಾರು ವಾಪಸು ಕೊಡುವುದು 5 ಎಂಬುದು ಕೋಚ್‌ಗಳ ಅಂದಾಜು. ಉಳಿದದ್ದು ಬಡ್ಡಿಗೆ ಜಮೆ. ಏರು ಎಲ್ಲಿ ಬಿತ್ತು ಎಂಬುದೂ ಮುಖ್ಯ. ಅಮೆರಿಕದ ಬಾಸ್ಟನ್ ಮ್ಯಾರಥಾನಿನ ದಾರಿ ಒಟ್ಟಾರೆ ಸುಮಾರು 140 ಮೀಟರ್ ಇಳಿಯುತ್ತದೆ. ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿದರೆ ವಿಶ್ವದಾಖಲೆ ಲೆಕ್ಕಕ್ಕಿಲ್ಲ. ಆದರೆ ಅಲ್ಲಿ ಜನ ಸೋಲುವುದು 32 ಕಿ.ಮೀ. ದಾಟಿದ ಮೇಲೆ ಎದುರಾಗುವ, ಮೂವತ್ತು ಮೀಟರೂ ಇಲ್ಲದ ಒಂದು ಗುಡ್ಡಕ್ಕೆ.

ನಮ್ಮಲ್ಲಿ ಎತ್ತರ ತಿಳಿಯಲು ಯಂತ್ರ ಬೇಡ, ಊರಿನ ಹೆಸರೇ ಸಾಕು. ಬೈಲು ಅಂದರೆ ಗದ್ದೆಯ ತಗ್ಗು. ಕೊಡಿಯಾಲ್‌ಬೈಲಿನಲ್ಲಿ ಗದ್ದೆ ಮಾಯವಾಯಿತು, ತಗ್ಗು ಉಳಿಯಿತು. ಪದವು ಅಂದರೆ ಮುರಕಲ್ಲಿನ ನೆತ್ತಿ, ಪದವಿನಂಗಡಿ ಅಂದಮೇಲೆ ಹತ್ತಲೇಬೇಕು. ಹೊಯಿಗೆ ಅಂದರೆ ಮರಳು, ನೀರಿನಂಚಿನ ತಗ್ಗು. ಹೊಯಿಗೆಬಜಾರಿನಲ್ಲಿ ಕಾಲಿಗೆ ಸುಖ, ಮೂಗಿಗೆ ಮೀನು. ಗುಡ್ಡಕ್ಕೆ ಅರ್ಥ ಹೇಳಬೇಕಿಲ್ಲ. ಲೇಡಿಹಿಲ್ ಎಂದು ಇಂಗ್ಲಿಷಿನಲ್ಲಿ ಕರೆದರೂ ಅದು ಗುಡ್ಡವೇ. ಹೆಸರು ಸಾಲದಿದ್ದರೆ ಜೂನ್‌ನಲ್ಲಿ ಕೊಡೆ ಹಿಡಿದು ನಿಂತು ನೀರು ಯಾವ ಕಡೆ ಓಡುತ್ತದೆ ನೋಡಿ. ಅದೂ ಬೇಡವೆಂದರೆ ಹಂಪನಕಟ್ಟೆಯಿಂದ ಜ್ಯೋತಿ ಸ್ಟಾಪಿಗೆ ಹೋಗುವ ಸಿಟಿ ಬಸ್ಸು ಹತ್ತಿ, ಕಣ್ಣು ಮುಚ್ಚಿ ಕೂತು ಗೇರು ಎಣಿಸಿ. ಡ್ರೈವರ್ ಸೆಕೆಂಡ್ ಗೇರಿಗೆ ಇಳಿಸಿದಲ್ಲೆಲ್ಲ ಓಟಗಾರ ಹೆಜ್ಜೆ ಚಿಕ್ಕದು ಮಾಡಬೇಕು. ಈ ಮೂರರಲ್ಲಿ ಯಾವುದಕ್ಕೂ ಚಾರ್ಜಿಂಗ್ ಬೇಡ.

ಜನ ನಂಬುವುದು ಕೈಗಡಿಯಾರವನ್ನು. ಅದರಲ್ಲಿ ಗಾಳಿಯ ಒತ್ತಡ ಅಳೆಯುವ ಭಾಗ ಇಲ್ಲದಿದ್ದರೆ ಉಪಗ್ರಹ ಕೊಡುವ ಎತ್ತರ ಹತ್ತಾರು ಮೀಟರ್ ಆಚೀಚೆ ಹೊಯ್ದಾಡಬಹುದು. ಇದ್ದರೆ ಕರಾವಳಿಯ ಬೆವರು ಅದರ ಸಣ್ಣ ತೂತನ್ನು ಮುಚ್ಚೀತು. ನೆಲದ ನಕ್ಷೆ ನೋಡಿ ಎತ್ತರ ತಿದ್ದುವ ಆ್ಯಪ್‌ಗಳದ್ದು ಇನ್ನೊಂದು ಚೆಂದ: ಕೂಳೂರು ಸೇತುವೆಯ ಮೇಲೆ ಓಡುವವನನ್ನು ಫಲ್ಗುಣಿಯ ನೀರಿಗೆ ಇಳಿಸಿ, ಆಚೆ ದಡದಲ್ಲಿ ಮತ್ತೆ ಹತ್ತಿಸುತ್ತವೆ. ಮನೆಗೆ ಬಂದು ‘ಇಷ್ಟು ಏರಿದೆ’ ಎಂದು ಹಾಕಿಕೊಳ್ಳುವ ಲೆಕ್ಕದಲ್ಲಿ ಅದೂ ಸೇರಿರುತ್ತದೆ.

ನಿಜವಾದ ಸಮತಟ್ಟು ಬೇಕಿದ್ದರೆ ಪಣಂಬೂರು ಕಡೆಯ ಹೆದ್ದಾರಿ ಇದೆ. ಆದರೆ ಬಂದರಿನ ಲಾರಿಗಳಿಗೆ ಭಾನುವಾರವಿಲ್ಲ.