ಕಡಿದ ಮೇಲೂ ಉಳಿಯುವ ಮರ

ರಜೆಗೆ ಬೆಂಗಳೂರಿಗೆ ಬಂದಾಗ ನಮ್ಮ ಮನೆಯೆದುರಿನ ಸೈಟಿನಲ್ಲಿ ಸೆಂಟ್ರಿಂಗ್ ಕೆಲಸ ನಡೆದಿತ್ತು. ಹಲಗೆಗಳ ಕೆಳಗೆ ಸಾಲಾಗಿ ನಿಲ್ಲಿಸಿದ್ದ ನೀಲಗಿರಿ ಗಳಗಳು. ಒಂದರ ಬುಡದಲ್ಲಿ ಒಣಗಿದ ಎಲೆ ಸಿಕ್ಕಿಕೊಂಡಿತ್ತು. ಉಜ್ಜಿ ಮೂಸಿದೆ, ಅಜ್ಜಿ ನೆಗಡಿಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ. ಹೊಸಕೋಟೆ ಕಡೆಯ ಮಾಲು ಎಂದರು ಮೇಸ್ತ್ರಿ. ನಮ್ಮ ಚಿಕ್ಕಪ್ಪನ ಎರಡೆಕರೆ ನೀಲಗಿರಿ ತೋಪು ಇರುವುದೂ ಅದೇ ಕಡೆ.

ನಾನಿರುವುದು ದಕ್ಷಿಣ ಸ್ವೀಡನ್ನಿನ ವೆಕ್ಷೋದಲ್ಲಿ. ಅಲ್ಲಿಯೂ ಊರು ದಾಟಿದರೆ ಸಿಗುವುದು ಹೆಚ್ಚಾಗಿ ನೆಟ್ಟು ಬೆಳೆಸಿದ ಕಾಡೇ, ಸೂಜಿಯಂಥ ಎಲೆಯ ಸ್ಪ್ರೂಸ್ ಮತ್ತು ಪೈನ್ ಮರಗಳು. ಕಡಿದವನು ಮತ್ತೆ ಬೆಳೆಸಲೇಬೇಕೆಂಬ ಕಾನೂನು 1903ರಷ್ಟು ಹಳೆಯದು. 1993ರ ಕಾಯಿದೆ ಮರದ ಇಳುವರಿಯನ್ನೂ ಪರಿಸರವನ್ನೂ ಒಂದೇ ತಕ್ಕಡಿಯಲ್ಲಿ ಸರಿಸಮನಾಗಿ ಇಟ್ಟಿತು. ಕಾಗದದ ಮೇಲೆ ಚೆನ್ನಾಗಿದೆ. ನನಗೆ ಅದು ಅರ್ಥವಾದದ್ದು ಮಾತ್ರ ಒಂದು ಮೋಟುಮರದಿಂದ.

ಹೊಸದಾಗಿ ಕಡಿದು ಬಯಲಾಗಿದ್ದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮರ ಎರಡಾಳೆತ್ತರಕ್ಕೆ ತುಂಡಾಗಿ ನಿಂತಿದ್ದವು. ಕೆಲಸಗಾರ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದಾನೆ ಎಂದುಕೊಂಡೆ. ಬೇಕೆಂದೇ ಹಾಗೆ ಬಿಡುತ್ತಾರಂತೆ. ಅದು ನಿಂತಲ್ಲೇ ಸಾಯುತ್ತದೆ, ತೊಗಟೆ ಸಡಿಲವಾಗುತ್ತದೆ, ಒಳಗೆ ಜೀರುಂಡೆಯ ಮರಿಹುಳು ಸೇರುತ್ತವೆ, ಹುಳು ಹುಡುಕಿಕೊಂಡು ಮರಕುಟಿಗ ಬರುತ್ತದೆ. ಅದರ ಜೊತೆಗೆ ಒಂದಿಷ್ಟು ಮರಗಳ ಗುಂಪು, ತೊರೆಯ ಪಕ್ಕದ ಪಟ್ಟಿ, ಬಿದ್ದ ದಿಮ್ಮಿಗಳನ್ನೂ ಮುಟ್ಟುವುದಿಲ್ಲ. ಸತ್ತ ಮರವನ್ನು ಆಸ್ತಿಯೆಂದು ಎಣಿಸುವ ಮರದ ವ್ಯಾಪಾರಿಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹಾಗೆಂದು ಸ್ವೀಡನ್ನಿಗೆ ಆರತಿ ಎತ್ತಬೇಕಿಲ್ಲ. 2005ರ ಜನವರಿಯಲ್ಲಿ ಬೀಸಿದ ಗುಡ್ರುನ್ ಬಿರುಗಾಳಿ ಒಂದೇ ರಾತ್ರಿಯಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರವನ್ನು ಮಲಗಿಸಿತು. ಹೆಚ್ಚಿನದು ಒತ್ತೊತ್ತಾಗಿ ಬೆಳೆಸಿದ್ದ, ಬೇರು ಆಳಕ್ಕಿಳಿಯದ ಸ್ಪ್ರೂಸ್. ಆಮೇಲೆ ಬಹುಪಾಲು ಮಾಲೀಕರು ಅಲ್ಲಿ ಮತ್ತೆ ನೆಟ್ಟದ್ದು ಅದೇ ಸ್ಪ್ರೂಸನ್ನು. ಬೆಲೆ ಸಿಗುವ ಮರವನ್ನು ಬಿಡುವುದು ಎಲ್ಲ ಊರಿನವರಿಗೂ ಕಷ್ಟ.

ನಮ್ಮಲ್ಲಿ ಎರಡೇ ತುದಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ಬಂತು. ಅಂತರ್ಜಲ ಬತ್ತಿತೆಂಬ ಕೂಗು ದೊಡ್ಡದಾಗಿ, 2017ರಲ್ಲಿ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು. ನಡುವಿನ ದಾರಿಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಗರದ ನಾವು ತುರಹಳ್ಳಿಯ ಕಾಡಿನಲ್ಲಿ ಒಂದು ಕೊಂಬೆಯನ್ನೂ ಮುಟ್ಟಬೇಡಿ ಎನ್ನುತ್ತೇವೆ (ಸರಿಯಾಗಿಯೇ ಎನ್ನುತ್ತೇವೆ), ಆದರೆ ನಮ್ಮ ತಾರಸಿ ಹೊತ್ತ ಗಳ ಯಾರ ಹೊಲದ್ದೆಂದು ಕೇಳುವುದಿಲ್ಲ.

ಚಿಕ್ಕಪ್ಪನದು ನೇರ ಲೆಕ್ಕ. ಆಳು ಸಿಗುವುದಿಲ್ಲ, ಬೋರ್‌ವೆಲ್ ಬತ್ತಿದೆ, ನೀಲಗಿರಿಯನ್ನು ದನ ಮೇಯುವುದಿಲ್ಲ, ಕಡಿದರೆ ಕೂಳೆಯಿಂದ ಮತ್ತೆ ಚಿಗುರುತ್ತದೆ. ಬದುವಿನುದ್ದಕ್ಕೂ ಹೊಂಗೆ, ನೇರಳೆ ಹಾಕಿ, ತೋಪಿನ ಒಂದು ಮೂಲೆಯನ್ನು ಕಡಿಯದೆ ಬಿಡಿ ಎಂದು ಸ್ವೀಡನ್ನಿನ ಕಥೆ ಹೇಳಿದೆ. ಅಲ್ಲಿ ಪರಿಸರ ಪ್ರಮಾಣಪತ್ರ ಬೇಕೆಂದರೆ ಹೀಗೆ ಮರ ಬಿಡಲೇಬೇಕು, ಅದಿದ್ದರೆ ಮಾರುಕಟ್ಟೆಯಲ್ಲಿ ಅನುಕೂಲ ಎಂದೂ ವಿವರಿಸಿದೆ. ಅವರು ಮಾತನಾಡದೆ ನನ್ನನ್ನು ತೋಪಿನೊಳಗೆ ಕರೆದುಕೊಂಡು ಹೋದರು.

ಅಲ್ಲಿ ನೀಲಗಿರಿ ಸಾಲು ಇದ್ದಕ್ಕಿದ್ದಂತೆ ಬಳುಕಿ, ಒಂದು ಹಳೆಯ ಹುಣಸೆ ಮರವನ್ನು ಸುತ್ತಿಕೊಂಡು ಮುಂದೆ ಹೋಗಿತ್ತು. ಅರ್ಧ ಕೊಂಬೆ ಒಣಗಿದೆ, ಪೊಟರೆಯಲ್ಲಿ ಗಿಣಿಗಳ ಗಲಾಟೆ. ಅಜ್ಜ ನೆಟ್ಟದ್ದಂತೆ. ಮೂರು ಸಲ ತೋಪು ಕಡಿದಾಗಲೂ ಅದನ್ನು ಮುಟ್ಟಿಲ್ಲ.

"ಇದನ್ನು ಬಿಟ್ಟಿದ್ದಕ್ಕೂ ಪ್ರಮಾಣಪತ್ರ ಕೊಡುತ್ತಾರೇನೋ?" ಎಂದು ನಕ್ಕರು. ಆಮೇಲೆ, ನಗು ನಿಲ್ಲಿಸಿ, "ಅದಿದ್ದರೆ ಟನ್ನಿಗೆ ಎಷ್ಟು ಹೆಚ್ಚು ಸಿಗುತ್ತದೆ?" ಎಂದು ಕೇಳಿದರು.